ಉಸಿರಿಗೆ ಜಾಗ

"ಇಲ್ಲಿ ಉಸಿರು ತಗೊಳ್ಳಲ್ವಾ ಅತ್ತಿಗೆ?"

ಗಾಜಿನ ಆಚೆಯಿಂದ ಬೀಟ್‌ರೂಟ್ ಕೇಳಿದ. ಪ್ರಶ್ನೆ ಹೆಡ್‌ಫೋನಿನ ಮೂಲಕ ನೇರ ಅವಳ ತಲೆಯ ನಡುವೆ ಬಂದು ಕೂತಿತು.

"ಬೇಡ," ಎಂದಳು ಅತ್ತಿಗೆ.

"ಅಲ್ಲ, ಇಷ್ಟುದ್ದ ಸಾಲು..."

"ಹಾಡಿನ ಹೆಸರೇನು?"

"ನಿಲ್ಲೋದಿಲ್ಲ."

"ಮತ್ತೆ? ನಿಲ್ಲೋದಿಲ್ಲ ಅಂತ ಹೇಳಿ ಮಧ್ಯದಲ್ಲಿ ನಿಂತು ಉಸ್ಸಪ್ಪಾ ಅಂದ್ರೆ ಕೇಳೋರು ಏನಂದ್ಕೋಬೇಕು? ಮೆಟ್ಟಿಲು ಹತ್ತೋ ಅಜ್ಜಿಯ ಹಾಡು ಅಂದ್ಕೋತಾರೆ."

ಬೀಟ್‌ರೂಟ್ ನಕ್ಕ. ಸಂಗೀತ ನಿರ್ದೇಶಕನಾದ ಅವನು ಮಾತಿಗೊಮ್ಮೆ ಬೀಟ್ ಬೀಟ್ ಎನ್ನುತ್ತಿದ್ದ, ಹಾಗೆನ್ನುತ್ತಲೇ ಕಿವಿಯ ತುದಿಯವರೆಗೂ ಕೆಂಪಾಗುತ್ತಿದ್ದ. ಅವನಿಗೆ ಆ ಹೆಸರನ್ನಿಟ್ಟವಳು ಅವಳೇ. ಅವನೂ ಸೇಡು ತೀರಿಸಿಕೊಂಡವನಂತೆ, ಹಾಡುಗಾರ್ತಿಯ ಅತ್ತಿಗೆ ಎಂಬ ಒಂದೇ ಕಾರಣಕ್ಕೆ, ತನಗಿಂತ ಚಿಕ್ಕವಳಾದ ಅವಳನ್ನು ಅತ್ತಿಗೆ ಎಂದು ಕರೆಯತೊಡಗಿದ್ದ. ಈಗ ಸ್ಟುಡಿಯೋದ ಕಾವಲುಗಾರನಿಗೂ ಅವಳು ಅತ್ತಿಗೆಯೇ.

ಅವಳು ಕಣ್ಣು ಮುಚ್ಚಿ ಮತ್ತೆ ಹಾಡಿದಳು. "ನಿಲ್ಲೋದಿಲ್ಲ ನಾ ನಿಲ್ಲೋದಿಲ್ಲ, ನೀ ನಿಂತರೂ ನೆರಳು ನಿಂತರೂ ಗಾಳಿ ನಿಂತರೂ..." ಅಲ್ಲಿಗೆ ಅವಳ ಎದೆಯೂ ಬರಿದಾಯಿತು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕುಡಿದಳು. ಎದೆ ತುಂಬಿಕೊಂಡು "ನೆಲ ನಿಂತರೂ ನಿಲ್ಲೋದಿಲ್ಲ" ಎಂದು ಬೇರೆಯಾಗಿ ಹಾಡಿದಳು. ಬೀಟ್‌ರೂಟ್ ಎರಡು ತುಂಡುಗಳನ್ನೂ ಪರದೆಯ ಮೇಲೆ ಎಳೆದು ಪಕ್ಕಪಕ್ಕಕ್ಕೆ ತಂದು ಅಂಟಿಸಿದ. ಹೊಲಿಗೆ ಕೇಳಿಸಲಿಲ್ಲ. ಯಾವಳೋ ಮೀನಿನ ಹೊಟ್ಟೆಯಲ್ಲಿ ಹುಟ್ಟಿದವಳು ಒಂದೇ ಉಸಿರಿಗೆ ಇಡೀ ಸಾಲು ಹಾಡಿ, ಇನ್ನೂ ಇದೆಯಾ ಎಂದು ಕೇಳುವಂತಿತ್ತು.

"ಬೀಟ್ ಬಿಡೋದೇ ಇಲ್ಲ," ಎಂದು ಬೀಟ್‌ರೂಟ್ ಕೆಂಪಾದ. "ಆದ್ರೆ ಅವಳಿಗೆ ಸ್ಟೇಜಲ್ಲಿ..."

"ಅವಳು ಕಲ್ತ್ಕೋತಾಳೆ ಬಿಡಿ. ಚಿಕ್ಕ ವಯಸ್ಸು," ಎಂದಳು ಅತ್ತಿಗೆ, ತನ್ನ ಅತ್ತೆಯ ದನಿಯಲ್ಲಿ. ಬೀಟ್‌ರೂಟ್ ಬಿದ್ದು ಬಿದ್ದು ನಕ್ಕ.

ಅವಳು ಮಾಡುತ್ತಿದ್ದುದಕ್ಕೆ ಟ್ರ್ಯಾಕ್ ಹಾಡುವುದು ಎನ್ನುತ್ತಾರೆ. ಹಾಡು ಯಾರ ಹೆಸರಿನಲ್ಲಿ ಬರಬೇಕೋ ಅವರು ಸ್ಟುಡಿಯೋಗೆ ಬರುವ ಮೊದಲೇ ಇನ್ನೊಬ್ಬರು ಅದನ್ನು ಪೂರ್ತಿ ಹಾಡಿಡಬೇಕು. ಹೆಸರಿನವರು ಬಂದು, ಅದನ್ನು ಕಿವಿಯಲ್ಲಿ ಕೇಳುತ್ತಾ, ಸಾಲು ಸಾಲಾಗಿ ಹಾಗೆಯೇ ಒಪ್ಪಿಸುತ್ತಾರೆ. ಆಮೇಲೆ ಟ್ರ್ಯಾಕನ್ನು ಅಳಿಸಿಬಿಡುತ್ತಾರೆ.

ಹೆಸರಿನವಳು, ಅಂದರೆ ಅವಳ ಗಂಡನ ತಂಗಿ, ಮಿಂಚು. ಅದು ಮನೆಯಲ್ಲಿ ಇಟ್ಟ ಹೆಸರಲ್ಲ, ಪೋಸ್ಟರಿನದು. ಕುಣಿಯುತ್ತಾ ಹಾಡುವ ಹುಡುಗಿಗೆ ಅದೇ ಸರಿ ಎಂದು ಅವಳ ಅಣ್ಣನೇ ಆರಿಸಿದ್ದ. ತಂಗಿಯ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನೂ ಅವನೇ. ಹುಡುಗಿ ಕುಣಿದರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಹಾಡಿನ ವಿಷಯ ಬೇರೆ. ನಾದಿನಿ ಎಂಬ ಪದದಲ್ಲಿ ನಾದವಿದೆ, ಹುಡುಗಿಯಲ್ಲಿ ಹುಡುಕಬೇಕು ಎಂದು ಅತ್ತಿಗೆ ಒಮ್ಮೆ ಬೀಟ್‌ರೂಟನ ಮುಂದೆ ಅಂದಿದ್ದಳು. ಪ್ರೀತಿಯಿಂದಲೇ ಅಂದಿದ್ದಳು. ಆಗ ಪ್ರೀತಿ ಇತ್ತು.

ಅನುಕರಣೆಯಲ್ಲಿ ಮಾತ್ರ ಮಿಂಚು ಬಲು ನಿಷ್ಠೆಯವಳು. ಮೊದಲ ಆಲ್ಬಮ್ಮಿನ ಒಂದು ಹಾಡಿಗೆ ಅತ್ತಿಗೆ ನೆಗಡಿಯಲ್ಲೇ ಟ್ರ್ಯಾಕ್ ಹಾಡಿದ್ದಳು. ಪಲ್ಲವಿಯ ತುದಿಯಲ್ಲಿ ಗಂಟಲು ಒಂಚೂರು ಕೆರೆದು "ಹ್ಞಾ" ಎಂಬ ಸಣ್ಣ ತಡೆ ಬಂದಿತ್ತು. ಮಿಂಚು ಅದನ್ನೂ ಕಲಿತು, ಅದನ್ನೂ ಹಾಡಿದಳು. ಈಗ ಕಾಲೇಜಿನ ಹುಡುಗಿಯರೆಲ್ಲ ಆ "ಹ್ಞಾ" ಸಮೇತ ಹಾಡುತ್ತಾರೆ. ಇಡೀ ಊರಿಗೇ ತನ್ನ ನೆಗಡಿ ಹಿಡಿದಿದೆ ಎಂದು ಅತ್ತಿಗೆ ನಗುತ್ತಿದ್ದಳು. ನೆಗಡಿ ಹೋದರೂ ಆ ತಡೆ ಅವಳ ಗಂಟಲಲ್ಲೂ ಉಳಿದುಬಿಟ್ಟಿತ್ತು.

ಆ ಆಲ್ಬಮ್ ಗೆದ್ದದ್ದು "ನೆಲವೇ, ನೀನೂ ಕುಣಿ" ಎಂಬ ಹಾಡಿನಿಂದ. ಅದರ ಪಲ್ಲವಿ ಎತ್ತರದ್ದು. ಮಿಂಚು ಬೆಳಗಿನಿಂದ ಸಂಜೆಯವರೆಗೆ ಅದರ ಕೆಳಗೆ ನಿಂತು ಹಾರಿದ್ದೇ ಬಂತು, ಕೈಗೆ ಸಿಗಲಿಲ್ಲ. ಕೊನೆಗೆ ಬೀಟ್‌ರೂಟ್ ಅಳಿಸಬೇಕಿದ್ದ ಟ್ರ್ಯಾಕನ್ನು ಅಳಿಸಲಿಲ್ಲ. ಪಲ್ಲವಿಯಲ್ಲಿ ಅತ್ತಿಗೆಯ ದನಿಯೇ ಉಳಿಯಿತು. "ಮನೆ ದನಿ ಮನೇಲೇ ಇರುತ್ತೆ ಬಿಡೇ," ಎಂದ ಗಂಡ. ಹೆಸರು ಅವಳದು, ಉಸಿರು ನನ್ನದು, ಎಂದು ಅವಳೂ ತಮಾಷೆ ಮಾಡಿ ಒಪ್ಪಿದಳು. ಅವಳ ಕೆಲಸವೇ ಅಂಥದು. ಬೊಂಬೆ ಚಿತ್ರಗಳ ಅಳಿಲಿಗೆ, ಜಾಹೀರಾತಿನ ಅಮ್ಮನಿಗೆ, ಊರಿನ ಅರ್ಧಕ್ಕರ್ಧ ಲಿಫ್ಟುಗಳಿಗೆ ದನಿ ಕೊಟ್ಟು ಬದುಕುವವಳು. ಲಿಫ್ಟಿನಲ್ಲಿ "ತಳಮಹಡಿ. ಬಾಗಿಲು ತೆರೆಯುತ್ತಿದೆ" ಎನ್ನುವವಳು ಅವಳೇ. ಆ ಎರಡು ಮಾತಿನ ನಡುವೆ ಅವಳು ಎಳೆದುಕೊಂಡ ಸಣ್ಣ ಉಸಿರೊಂದನ್ನು ಕತ್ತರಿಸಲು ಯಾರೋ ಮರೆತಿದ್ದರು. ತಾನು ಲೋಕಕ್ಕೆ ಬಿಟ್ಟುಹೋಗುವ ಆಸ್ತಿ ಅದೊಂದೇ ಎಂದು ಅವಳ ಇನ್ನೊಂದು ತಮಾಷೆ.

ಒಂದು ಸಂಜೆ ಮನೆಯವರೆಲ್ಲ ಸೋಫಾದ ಮೇಲೆ ಒತ್ತಿಕೊಂಡು ಕೂತು ಟೀವಿಯಲ್ಲಿ ಮಿಂಚುವಿನ ಸಂದರ್ಶನ ನೋಡುತ್ತಿದ್ದರು. ನಿಮ್ಮ ಮನೆಯಲ್ಲಿ ಬೇರೆ ಯಾರಾದ್ರೂ ಹಾಡ್ತಾರಾ ಎಂದು ಕೇಳಿದರು. ಟೀವಿಯ ಮಿಂಚು ಯೋಚಿಸುವವಳಂತೆ ತುಟಿ ಓರೆ ಮಾಡಿದಳು.

"ಹಾಡೋರಾ? ಯಾರೂ ಇಲ್ಲಪ್ಪ. ನಮ್ಮತ್ತಿಗೆ ಲಿಫ್ಟಲ್ಲಿ ಮಾತಾಡ್ತಾರೆ." ಆಮೇಲೆ ಮೂಗು ಹಿಡಿದುಕೊಂಡು, "ಬಾಗಿಲು ಮುಚ್ಚುತ್ತಿದೆ," ಎಂದಳು. ಜನ ಚಪ್ಪಾಳೆ ತಟ್ಟಿದರು. ಮಿಂಚು ಅದಕ್ಕೊಂದು ಬಾಲ ಜೋಡಿಸಿದಳು: "ದಿನಾ ಲಿಫ್ಟಲ್ಲಿರೋದು ಅವರು, ಮೇಲೆ ಹೋಗಿದ್ದು ಮಾತ್ರ ನಾನು."

ಸೋಫಾದ ಮೇಲೆ ಮೊದಲು ನಕ್ಕವನು ಗಂಡ. ಟೀವಿಯ ಎದುರು ನೆಲದ ಮೇಲೆ ಕೂತಿದ್ದ ಮಿಂಚು ತಿರುಗಿ, "ಬೇಜಾರಾಯ್ತಾ ಅತ್ತಿಗೆ? ಸುಮ್ನೆ ಬಾಯಿಗ್ ಬಂತು," ಎಂದಳು. ಅತ್ತಿಗೆ ಮೂಗು ಹಿಡಿದುಕೊಂಡು, "ದಯವಿಟ್ಟು ಬಾಗಿಲಿನಿಂದ ದೂರವಿರಿ," ಎಂದು ಎಲ್ಲರನ್ನೂ ಇನ್ನಷ್ಟು ನಗಿಸಿದಳು. ಆ ರಾತ್ರಿ ಪಾತ್ರೆಗಳು ಮಾಮೂಲಿಗಿಂತ ಜೋರಾಗಿ ಸದ್ದು ಮಾಡಿದವು ಅಷ್ಟೆ.

ಅದನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಗಂಟಲಲ್ಲಿ ಸಿಕ್ಕಿಕೊಂಡದ್ದು ಆಮೇಲಿನದು. ತನ್ನದೇ ಒಂದು ಹಾಡು ಕಟ್ಟಿ, ಯಾರಿಗೂ ಹೇಳದೆ, ಹಾಡುಗಳನ್ನು ಹೊರತರುವ ಕಂಪನಿಯೊಂದಕ್ಕೆ ಹೋದಳು. ಏಳನೆಯ ಮಹಡಿಯಲ್ಲಿ ಕೂತಿದ್ದ ಗಡ್ಡದವನು ಮರ್ಯಾದಸ್ಥ. ಪೂರ್ತಿ ಕೇಳಿದ, ಕಣ್ಣು ಮುಚ್ಚಿಯೇ ಕೇಳಿದ.

"ದನಿ ಚೆನ್ನಾಗಿದೆ ಮೇಡಂ. ಆದ್ರೆ ಮಿಂಚು ಥರ ಹಾಡೋರು ಈಗ ಗಲ್ಲಿಗೊಬ್ರು ಸಿಗ್ತಾರೆ. ಆ ಎತ್ತರದ ಜಾಗ, ಆ ಗಂಟಲಲ್ಲಿ 'ಹ್ಞಾ' ಅನ್ನೋದು, ಎಲ್ಲಾ ಅವಳದ್ದೇ ಕಾಪಿ. ಬೇಜಾರು ಮಾಡ್ಕೋಬೇಡಿ. ನಿಮ್ಮದೇ ಅಂತ ಸ್ವಂತ ದನಿ ಏನಾದ್ರೂ ಇದ್ರೆ ತಗೊಂಡು ಬನ್ನಿ, ಕೇಳೋಣ."

ಊರಿನವರ ದನಿಯೆಲ್ಲ ಕದ್ದು ಆಡಿ ತೋರಿಸುತ್ತಿದ್ದವಳನ್ನು ಯಾರೂ ಎಂದೂ ಕಳ್ಳಿ ಎಂದಿರಲಿಲ್ಲ. ತನ್ನದೇ ದನಿಯಲ್ಲಿ ಹಾಡಿದ ದಿನ ಸಿಕ್ಕಿಬಿದ್ದಿದ್ದಳು. ಅವಳು ಉಸಿರೆತ್ತಲಿಲ್ಲ. ಕೆಳಗಿಳಿಯುವಾಗ ಲಿಫ್ಟಿನಲ್ಲಿ ಅವಳೊಬ್ಬಳೇ ಇದ್ದಳು. ಲಿಫ್ಟು "ತಳಮಹಡಿ" ಎಂದಿತು, ಸಣ್ಣಗೆ ಉಸಿರೆಳೆದುಕೊಂಡಿತು, "ಬಾಗಿಲು ತೆರೆಯುತ್ತಿದೆ" ಎಂದಿತು.

ಅಷ್ಟರಲ್ಲಿ ಊರಿನಲ್ಲಿ ಗುಸುಗುಸು ಎದ್ದಿತ್ತು. ಮಿಂಚು ವೇದಿಕೆಯ ಮೇಲೆ ಬರೀ ತುಟಿ ಆಡಿಸುತ್ತಾಳೆ, ದನಿ ಅವಳದಲ್ಲ ಎಂದು ಯಾರು ಯಾರೋ ಫೋನಿನಲ್ಲಿ ಬರೆದು ಹಂಚುತ್ತಿದ್ದರು. ಎರಡನೆಯ ಆಲ್ಬಮ್ಮಿನ ಮಾತು ಶುರುವಾದ ದಿನ ಊಟದ ಮೇಜಿನ ಮುಂದೆ ಮಿಂಚು ತಟ್ಟೆಯನ್ನು ಆಚೆ ತಳ್ಳಿ ಹೇಳಿದಳು:

"ಈ ಸಲ ಇಡೀ ಆಲ್ಬಮ್ ಸ್ಟೇಜ್ ಮೇಲೆ ಹಾಡ್ತೀನಿ. ಕುಣೀತಾನೇ ಹಾಡ್ತೀನಿ. ಹಿಂದೆ ರೆಕಾರ್ಡಿಂಗ್ ಓಡಲ್ಲ, ಪರದೆ ಹಿಂದೆ ಯಾರೂ ನಿಲ್ಲಲ್ಲ. ಬಾಯಿ ಮುಚ್ಚಿಸ್ತೀನಿ ಒಬ್ಬೊಬ್ರದೂ."

"ನಿಂಗಾಗುತ್ತಾ?" ಎಂದರು ಅತ್ತೆಮ್ಮ.

"ಅಮ್ಮ."

"ಸುಮ್ನೆ ಕೇಳ್ದೆ ಕಣೆ. ಕೇಳಬಾರ್ದಾ?"

"ಅತ್ತಿಗೆ ಟ್ರ್ಯಾಕ್ ಹಾಡ್ಕೊಡ್ತಾರೆ, ನಾನು ಕಲ್ತ್ಕೋತೀನಿ. ಅವರು ಹಾಡಿದ್ದನ್ನ ಹಾಡೋಕೇನು ಕಷ್ಟ," ಎಂದಳು ಮಿಂಚು. "ಅಲ್ವಾ ಅತ್ತಿಗೆ?"

"ಅದಕ್ಕೇನಂತೆ," ಎಂದಳು ಅತ್ತಿಗೆ. ಸಾರಿನ ಸೌಟು ಅವಳ ಕೈಯಲ್ಲಿತ್ತು. ಅದನ್ನು ಪಾತ್ರೆಯೊಳಗೆ ಮೆಲ್ಲಗೆ ಇಳಿಸಿದಳು. ಉಪಾಯ ಹೊಳೆದದ್ದು ಆಗಲೇ.

ಮೊದಲ ಆಲ್ಬಮ್ಮಿನಲ್ಲಿ, ಮಿಂಚು ಸುಸ್ತಾಗಬಾರದೆಂದು, ಅವಳು ಸಾಲು ಸಾಲಿಗೂ ಉಸಿರಿಗೆ ಜಾಗ ಮಾಡಿಕೊಟ್ಟಿದ್ದಳು. ಮುದುಕರು ಕೂರಲಿ ಎಂದು ಮೆಟ್ಟಿಲ ಮಧ್ಯೆ ಅಲ್ಲಲ್ಲಿ ಸ್ಟೂಲು ಇಟ್ಟ ಹಾಗೆ. ಈಗ ಒಂದೊಂದಾಗಿ ಸ್ಟೂಲು ಎತ್ತತೊಡಗಿದಳು. ಒಂದು ಹಾಡಿನಲ್ಲಿ ಮೊದಲ ಸಾಲು ಮುಗಿಯುವ ಮುನ್ನವೇ ಎರಡನೆಯದನ್ನು ಶುರು ಮಾಡಿದಳು. ಇನ್ನೊಂದರಲ್ಲಿ ಸಾಲಿನ ಬಾಲವನ್ನು ಎಳೆದು ಎಳೆದು ಮುಂದಿನ ಸಾಲಿನ ತಲೆಗೆ ಗಂಟು ಹಾಕಿದಳು. ಡ್ಯಾನ್ಸ್ ಮಾಸ್ಟರ್ ಬರೀ ವಾದ್ಯದ ಮೇಲೆ ಮಿಂಚುವಿಗೆ ಹೆಜ್ಜೆ ಕಲಿಸುತ್ತಿದ್ದಾಗ ತಾನೇ ಚಹಾ ಹಿಡಿದುಕೊಂಡು ಹೋಗಿ ಮೂಲೆಯಲ್ಲಿ ಕೂತು ನೋಡಿದಳು. ಎಲ್ಲಿ ಹುಡುಗಿ ಎರಡೂ ಕಾಲಿನಲ್ಲಿ ಮೇಲಕ್ಕೆ ನೆಗೆಯುತ್ತಾಳೋ ಅಲ್ಲಿಗೇ ಅತಿ ಉದ್ದದ ಸ್ವರವನ್ನು ಇಟ್ಟಳು. "ನಮ್ಮತ್ತಿಗೆ ಎಷ್ಟು ಆಸಕ್ತಿ ತಗೊಂಡಿದ್ದಾರೆ ನೋಡಿ," ಎಂದು ಮಿಂಚು ಮಾಸ್ಟರಿಗೆ ಹೇಳಿದಳು. ಮಾಸ್ಟರು ಚಹಾ ಹೀರಿ, ಇಂಥ ಅತ್ತಿಗೆ ಎಲ್ಲರಿಗೂ ಸಿಗಲ್ಲ ಎಂದರು. ಅದು ನಿಜವೇ ಆಗಿತ್ತು.

ಸ್ಟುಡಿಯೋದಲ್ಲಿ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಎಲ್ಲರೂ ತುಂಡು ತುಂಡಾಗಿಯೇ ಹಾಡುತ್ತಾರೆ. ಮಿಂಚುವೂ ಹಾಡಿದಳು, ಬೀಟ್‌ರೂಟ್ ಅಂಟಿಸಿದ. ಎತ್ತರದ ಜಾಗಗಳಲ್ಲಿ ಅಳಿಸಬೇಕಾದ ಟ್ರ್ಯಾಕು ಮತ್ತೆ ಅಳಿಸದೆ ಉಳಿಯಿತು. ಆಲ್ಬಮ್ ಸಿದ್ಧವಾಯಿತು. ಅದರ ಹೆಸರೂ "ನಿಲ್ಲೋದಿಲ್ಲ" ಎಂದೇ. ಬಿಡುಗಡೆ, ಭಾನುವಾರ ಮಧ್ಯಾಹ್ನ, ದೊಡ್ಡ ಅಂಗಡಿ ಸಮುಚ್ಚಯದ ಮೇಲಿನ ಸಭಾಂಗಣದಲ್ಲಿ. ಪೋಸ್ಟರಿನಲ್ಲಿ ಮಿಂಚು ಒಂದು ಕಾಲನ್ನು ಗಾಳಿಯಲ್ಲಿಟ್ಟು ನಗುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ: ಪ್ರತಿ ಹಾಡೂ ನೇರ, ನಿಮ್ಮ ಕಣ್ಣೆದುರೇ.

ತಾರಸಿಯ ಮೇಲೆ ಹಗ್ಗದಾಟ ಶುರುವಾಯಿತು. ಮಿಂಚು ಹಗ್ಗ ನೆಗೆಯುತ್ತಾ ಹಾಡುವಳು, ನಿಲ್ಲುವಳು, ಮತ್ತೆ ನೆಗೆಯುವಳು. ಅಡುಗೆಮನೆಯ ಚಾವಣಿ ಧಪಧಪ ಎನ್ನುತ್ತಿತ್ತು. ಅತ್ತಿಗೆ ತರಕಾರಿ ಹೆಚ್ಚುತ್ತಾ ಕಿವಿ ಮೇಲಿಟ್ಟುಕೊಂಡು ಕೂರುವಳು. ಪ್ರತಿ ಸಲವೂ ದನಿ "ನೆಲ" ಎಂಬಲ್ಲಿಗೆ ಬಂದು ಮುಗ್ಗರಿಸುವುದು. ಪ್ರತಿ ಸಲವೂ ಅತ್ತಿಗೆಯ ಚಾಕು ಒಂದು ಕ್ಷಣ ನಿಂತು, ಆಮೇಲೆ ಚುರುಕಾಗುವುದು. ಅಷ್ಟು ಸಣ್ಣಗೆ, ಅಷ್ಟು ಸಮವಾಗಿ ಅವಳೆಂದೂ ಹೆಚ್ಚಿರಲಿಲ್ಲ.

ಒಂದು ದಿನ ಮಿಂಚು ಬೆವರು ಸುರಿಸುತ್ತಾ ಕೆಳಗಿಳಿದು ಬಂದು ಅಡುಗೆಮನೆಯ ಬಾಗಿಲಿಗೆ ಒರಗಿದಳು. ಬಣ್ಣವಿಲ್ಲದ ಮುಖ ಹೈಸ್ಕೂಲಿನ ಹುಡುಗಿಯ ಹಾಗಿತ್ತು. ಮದುವೆಯಾಗಿ ಬಂದಾಗ ಅತ್ತಿಗೆ ಜಡೆ ಹಾಕುತ್ತಿದ್ದದ್ದು ಇದೇ ಮುಖದ ಹಿಂದೆ.

"ಅತ್ತಿಗೆ, 'ನಿಲ್ಲೋದಿಲ್ಲ' ಸಾಲಲ್ಲಿ ನೀವು ಎಲ್ಲಿ ಉಸಿರು ತಗೋತೀರ?"

"ಮೊದಲೇ."

"ಆಮೇಲೆ?"

"ಆಮೇಲೇನು, ಹಾಡೋದು."

ಮಿಂಚು ನೀರು ಕುಡಿದಳು. ಲೋಟದ ಮೇಲಿನಿಂದ ಅತ್ತಿಗೆಯನ್ನೇ ನೋಡಿದಳು. "ಎಂಥಾ ಎದೆ ಮಾರಾಯ್ತಿ ನಿಮ್ಮದು. ಒಂದೇ ಉಸಿರಲ್ಲಿ ಅಷ್ಟೂ... ಬೀಟ್‌ರೂಟ್ ಸಾಲು ಮುರಿದುಬಿಡು ಅಂದ. ನಾನೇ ಬೇಡ ಅಂದೆ. ನಿಮಗಾಗಿದ್ದು ನನಗ್ಯಾಕಾಗಲ್ಲ?"

ಆಗ ಹೇಳಬಹುದಿತ್ತು. ಅತ್ತಿಗೆಯ ನಾಲಿಗೆಯ ತುದಿಗೂ ಅದು ಬಂತು. ಅಷ್ಟರಲ್ಲಿ ಮಿಂಚು ಲೋಟವನ್ನು ಸಿಂಕಿನೊಳಗೆ ಎಸೆದು, ಮೂಗು ಹಿಡಿದುಕೊಂಡು, "ಮೂರನೇ ಮಹಡಿ. ತಾರಸಿ," ಎನ್ನುತ್ತಾ ಮೆಟ್ಟಿಲು ಹತ್ತಿ ಹೋದಳು. ಅತ್ತಿಗೆ ಲೋಟವನ್ನು ತೊಳೆದು ಬೋರಲು ಹಾಕಿದಳು.

ಗಂಡ ಮಾತ್ರ ಪುಕ್ಕಲ. ತಂಗಿಗೆ ಗೊತ್ತಾಗದಂತೆ ಬೀಟ್‌ರೂಟನಿಗೆ ಹೇಳಿ, ವೇದಿಕೆಯ ಪಕ್ಕದ ಕಂಪ್ಯೂಟರಿನಲ್ಲಿ ಹಾಡಿದ ದನಿಯನ್ನೂ ಸಿದ್ಧವಾಗಿ ಇಡಿಸಿದ್ದ. ಹುಡುಗಿ ತೊದಲಿದರೆ ಒಂದು ಗುಂಡಿ ಒತ್ತಿದರಾಯಿತು, ಯಾರಿಗೂ ತಿಳಿಯುವುದಿಲ್ಲ. "ಒಂದು ಸೇಫ್ಟಿಗೆ ಇರ್ಲಿ ಕಣೇ," ಎಂದು ಶನಿವಾರ ಹಲ್ಲುಜ್ಜುತ್ತಾ ಹೆಂಡತಿಗೆ ಹೇಳಿದ, ಬಾಯಿ ತುಂಬ ನೊರೆ ಇಟ್ಟುಕೊಂಡು. "ಅವಳಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ."

"ಗೊತ್ತಾಗಲ್ಲ ಬಿಡಿ," ಎಂದಳು ಅವಳು.

ಮಿಂಚು ಸ್ನಾನಕ್ಕೆ ಹೋಗಿದ್ದಳು. ಅವಳ ಫೋನು ಊಟದ ಮೇಜಿನ ಮೇಲೆ, ಅದರ ಬೀಗದ ಗುಟ್ಟು ಮನೆಯವರಿಗೆಲ್ಲ ಗೊತ್ತು. ಅತ್ತಿಗೆ ಅದನ್ನೆತ್ತಿಕೊಂಡು ಬಟ್ಟೆ ಒಣಹಾಕುವ ಬಾಲ್ಕನಿಗೆ ಹೋದಳು. ಗದ್ದವನ್ನು ತುಸು ಮುಂದೆ ಚಾಚಿದಳು, ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿದಳು, ಮೂಗಿನಲ್ಲಿ ಅರ್ಧ ಗಾಳಿ ಬಿಟ್ಟಳು. ಮಿಂಚು ಬಂದಳು.

"ಏನ್ ಸರ್, ನಮ್ಮಣ್ಣ ನಿಮ್ಮ ಕೈಲಿ ಏನೋ ಕದ್ದು ಇಡಿಸಿದ್ದಾನಂತೆ?"

ಆ ಕಡೆ ಬೀಟ್‌ರೂಟ್ ಕೆಂಪಾದದ್ದು ಇಲ್ಲಿಗೇ ಕೇಳಿಸಿತು. "ಅಯ್ಯೋ, ಅದು ಸುಮ್ನೆ ಒಂದು..."

"ಅಳಿಸಿಬಿಡಿ. ಈಗ್ಲೇ. ಇಲ್ಲಾಂದ್ರೆ ಸ್ಟೇಜ್ ಮೇಲೆ ನಿಮ್ಮ ಹೆಸರು ಹಿಡಿದು ಹೇಳ್ತೀನಿ, ಹೀಗ್ ಹೀಗೆ ಅಂತ. ಅಣ್ಣನಿಗೂ ಏನೂ ಹೇಳೋಕೆ ಹೋಗ್ಬೇಡಿ, ನಂಗೂ ಇದ್ರ ಬಗ್ಗೆ ಮಾತಾಡ್ಬೇಡಿ. ಮೂಡ್ ಹಾಳಾಗುತ್ತೆ."

"ಆಯ್ತಮ್ಮ, ಆಯ್ತು."

ಹಗ್ಗದ ಮೇಲೆ ಮಿಂಚುವಿನ ಹೊಳೆಯುವ ಉಡುಪು ಗಾಳಿಗೆ ಆಡುತ್ತಿತ್ತು. ಅತ್ತಿಗೆ ಅದರ ತೋಳನ್ನು ಸರಿಮಾಡಿ, ಜಾರದಂತೆ ಇನ್ನೊಂದು ಕ್ಲಿಪ್ಪು ಹಾಕಿದಳು. ಎಲ್ಲರ ದನಿಯನ್ನೂ ನಗಿಸಲೆಂದೇ ಆಡಿದ್ದವಳು ಮೊದಲ ಸಲ ಯಾರನ್ನೂ ನಗಿಸದೆ ಆಡಿದ್ದಳು.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಅತ್ತಿಗೆ ಮತ್ತು ಅತ್ತೆಮ್ಮನಿಗೆ ಮುಂದಿನ ಸಾಲು. ಹಿಂದೆ ಕೂತಿದ್ದ ಹುಡುಗಿಯರು ಕೆನ್ನೆಗೆ ಮಿಂಚಿನ ಗೆರೆ ಬರೆಸಿಕೊಂಡು, ಕಾಲಿನಿಂದ ಇವರ ಕುರ್ಚಿಯನ್ನು ತಾಳಕ್ಕೆ ತಕ್ಕಂತೆ ಒದೆಯುತ್ತಿದ್ದರು. ದೀಪ ಆರಿ ಹೊತ್ತಿಕೊಂಡಾಗ ಮಿಂಚು ನಡುವೆ ನಿಂತಿದ್ದಳು, ಕೈಯಲ್ಲಿ ಮೈಕು, ಹಿಂದೆ ಕುಣಿಯುವವರು. ಹಿಂದೆ ಬೇರೇನೂ ಇರಲಿಲ್ಲ.

ಮೊದಲ ಹಾಡಿನ ಅರ್ಧದವರೆಗೆ ಹುಡುಗಿ ದಾಟಿದಳು. ಅತ್ತಿಗೆ ತೊಡೆಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು. ನೆಗೆತ ಬಂತು, ಉದ್ದ ಸ್ವರ ಬಂತು, ಸ್ವರ ಗಾಳಿಯಲ್ಲೇ ಕಡಿದು ಹುಡುಗಿಯೊಬ್ಬಳೇ ಕೆಳಗಿಳಿದಳು. ಅತ್ತಿಗೆಯ ಬೆರಳು ಒಮ್ಮೆ ತಟ್ಟಿತು. ಎರಡನೆಯ ಹಾಡಿನಲ್ಲಿ ಸಾಲಿನ ಬಾಲಗಳು ಹುಡುಗಿಯ ಕಾಲಿಗೆ ಸುತ್ತಿಕೊಂಡವು. ಬೆರಳು ತಟ್ಟುತ್ತಾ ಹೋಯಿತು. ತಾನು ಕಿತ್ತಿಟ್ಟ ಒಂದೊಂದು ಸ್ಟೂಲಿನ ಜಾಗದಲ್ಲೂ ಹುಡುಗಿ ಕೂರಲು ಹೋಗಿ ಬೀಳುವುದನ್ನು ಅವಳು ನೋಡಿದಳು. ಮೈಯಲ್ಲಿ ಬೆಚ್ಚನೆಯದೇನೋ ಹರಿಯಿತು. ಚಳಿಯಲ್ಲಿ ಮೊದಲ ಗುಟುಕು ಚಹಾ ಇಳಿದಂತೆ. ಪಕ್ಕದ ಕಂಪ್ಯೂಟರಿನ ಹಿಂದೆ ಗಂಡ ಬೀಟ್‌ರೂಟನ ಭುಜ ಹಿಡಿದು ಅಲ್ಲಾಡಿಸುತ್ತಿದ್ದ. ಬೀಟ್‌ರೂಟ್ ಎರಡೂ ಕೈ ಮೇಲೆತ್ತಿ ತೋರಿಸುತ್ತಿದ್ದ.

"ನಿಲ್ಲೋದಿಲ್ಲ" ಶುರುವಾಯಿತು. ನೀ ನಿಂತರೂ, ನೆರಳು ನಿಂತರೂ, ಗಾಳಿ ನಿಂತರೂ, ನೆಲ. ಅಲ್ಲಿಗೆ ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮೈಕಿನಲ್ಲಿ ಏದುಸಿರು ಮಾತ್ರ, ಸಭಾಂಗಣದ ಅಷ್ಟೂ ಸ್ಪೀಕರ್ ಪೆಟ್ಟಿಗೆಗಳಿಂದ, ಭೂಮಿಯೇ ತೇಕುತ್ತಿರುವಂತೆ. ಮಿಂಚು ಕುಣಿಯುವುದನ್ನು ನಿಲ್ಲಿಸಿದಳು. ಹಿಂದಿನವರು ಎರಡು ಹೆಜ್ಜೆ ಕುಣಿದು, ಒಬ್ಬರನ್ನೊಬ್ಬರು ನೋಡಿ, ನಿಂತರು. ಮಿಂಚು ಮುಂದಿನ ಸಾಲಿನ ಕಡೆ ನೋಡಿದಳೋ, ದೀಪದ ಕಡೆಯೋ, ಗೊತ್ತಾಗಲಿಲ್ಲ. ನಿಂತಲ್ಲೇ ನಿಂತು, ತಗ್ಗಿದ ದನಿಯಲ್ಲಿ, ಒರಟಾಗಿ, ಎಲ್ಲೆಂದರಲ್ಲಿ ಉಸಿರೆಳೆಯುತ್ತಾ, ಹಾಡನ್ನು ಮುಗಿಸಿದಳು.

"ಏನೇ ಇವಳು, ಮಿಂಚು ಥರ ಹಾಡೋಕ್ ಹೋಗಿ ಆಗ್ದೇ ಇರೋರ ಥರ ಹಾಡ್ತಿದ್ದಾಳೆ," ಎಂದಳು ಹಿಂದಿನ ಹುಡುಗಿ.

"ನಮ್ಮ ಕಾಲೇಜಲ್ಲಿ ಇದಕ್ಕಿಂತ ಚೆನ್ನಾಗ್ ಕಾಪಿ ಮಾಡ್ತಾರಪ್ಪ," ಎಂದಳು ಇನ್ನೊಬ್ಬಳು. ಕುರ್ಚಿಗೆ ಬೀಳುತ್ತಿದ್ದ ಒದೆ ನಿಂತಿತ್ತು.

ಅತ್ತಿಗೆ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪಿದಳು. ಏಳನೆಯ ಮಹಡಿಯ ಗಡ್ಡದವನು ಪಕ್ಕದಲ್ಲಿರಬೇಕಿತ್ತು ಎನಿಸಿತು. ಆಗ ಅತ್ತೆಮ್ಮ ಅವಳ ಮುಂಗೈ ಮುಟ್ಟಿದರು. ಅವರ ಕಣ್ಣು ವೇದಿಕೆಯ ಮೇಲೆಯೇ ಇತ್ತು.

"ಇದು ನನ್ನ ಮಗಳ ದನಿ," ಎಂದರು, ಯಾರೊಂದಿಗೋ ಹೇಳಿಕೊಳ್ಳುವಂತೆ. "ಚಿಕ್ಕವಳಿದ್ದಾಗ ಬಿದ್ದು ಬಂದು ಅಳೋವಾಗ ಹೀಗೇ ತೇಕೋಳು. ಆ ಮೊದಲನೇ ಆಲ್ಬಮ್ಮಲ್ಲಿ ಎಷ್ಟು ಹುಡುಕಿದ್ರೂ ಇದು ಸಿಕ್ಕಿರಲಿಲ್ಲ." ಆಮೇಲೆ ಸೊಸೆಯ ಕಡೆ ತಿರುಗದೆಯೇ, "ಅದರಲ್ಲಿದ್ದದ್ದು ಯಾರು ಅಂತ ನಂಗೊತ್ತಿಲ್ಲ ಅಂದ್ಕೊಂಡಿದ್ದೀಯಾ?" ಎಂದರು.

ಅತ್ತಿಗೆಯ ಬೆರಳು ತಟ್ಟುವುದನ್ನು ಬಿಟ್ಟಿತು. ಇನ್ನೂ ಹಾಡುಗಳು ಉಳಿದಿದ್ದವು. ಮಿಂಚು ಒಂದನ್ನೂ ಬಿಡಲಿಲ್ಲ.

ಜನ ಕರಗಿದ ಮೇಲೆ ಅತ್ತಿಗೆ ಉಡುಪಿನ ಚೀಲ ಹಿಡಿದು ಹಿಂದಿನ ಲಿಫ್ಟಿಗೆ ಕಾದು ನಿಂತಳು. ಅತ್ತೆಮ್ಮನನ್ನು ಗಂಡ ಕಾರಿಗೆ ಕರೆದೊಯ್ದಿದ್ದ. ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಂತೆ ಹೊಳೆಯುವ ತೋಳೊಂದು ನಡುವೆ ತೂರಿತು. ಬಾಗಿಲು ಬೆಚ್ಚಿ ಮತ್ತೆ ತೆರೆಯಿತು. ಮಿಂಚು ಒಳಗೆ ಬಂದಳು. ಬಣ್ಣ ಬೆವರಿನಲ್ಲಿ ಇಳಿದು ಕತ್ತಿನವರೆಗೂ ಬಂದಿತ್ತು. ಇಬ್ಬರೂ ಬಾಗಿಲಿಗೆ ಮುಖ ಮಾಡಿ ನಿಂತರು.

"ಬಾಗಿಲು ಮುಚ್ಚುತ್ತಿದೆ," ಎಂದಿತು ಅತ್ತಿಗೆಯ ದನಿ, ಚಾವಣಿಯಿಂದ.

"ಬೀಟ್‌ರೂಟ್ ಹೇಳ್ತಾನೆ, ನಿನ್ನೆ ನಾನೇ ಫೋನ್ ಮಾಡಿ ಎಲ್ಲಾ ಅಳಿಸು ಅಂದೆನಂತೆ," ಎಂದಳು ಮಿಂಚು. ದನಿ ಪೂರಾ ಹೋಗಿತ್ತು, ಪಿಸುಗುಟ್ಟಿದಂತೆ ಕೇಳುತ್ತಿತ್ತು. "ಸ್ನಾನ ಮಾಡ್ತಾ ಮಾಡ್ತಾ ಹೇಗ್ ಫೋನ್ ಮಾಡ್ದೆ ಅಂತ ಯೋಚನೆ ಮಾಡ್ತಿದ್ದೆ."

ಅತ್ತಿಗೆ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ಚೆನ್ನಾಗ್ ಮಾಡ್ತೀರಂತೆ ನನ್ನ ದನಿ. ನಾನೇ ಅಂದ್ಕೊಂಡನಂತೆ ಪಾಪ." ಮಿಂಚು ಈಗ ಅವಳ ಕಡೆ ತಿರುಗಿದಳು. "ಫೋನಿಂದು ಬಿಡಿ. ಅದನ್ನ ನಾನೂ ಮಾಡ್ತಿದ್ದೆ, ನಿಮ್ಮ ಜಾಗದಲ್ಲಿದ್ದಿದ್ರೆ. ಆ ಸಾಲು ಹಾಡಿ."

"ಯಾವ ಸಾಲು?"

"ಯಾವ ಸಾಲಂತೆ. ಒಂದೇ ಉಸಿರಲ್ಲಿ. ನಿಮಗಾಗುತ್ತೆ ಅಂತ ತಾನೇ ನಾನು ತಾರಸಿ ಮೇಲೆ ಸತ್ತಿದ್ದು. ಹಾಡಿ, ಕೇಳೋಣ. ಇಲ್ಲಿ ಕುಣಿಯೋದೂ ಬೇಡ."

ಲಿಫ್ಟು ಇಳಿಯುತ್ತಿತ್ತು. ಬೇಡ ಎನ್ನಬಹುದಿತ್ತು, ತಲೆನೋವು, ಗಂಟಲು ಕಟ್ಟಿದೆ, ಎಂಥದಾದರೂ ಒಂದು. ಅತ್ತಿಗೆ ಚೀಲವನ್ನು ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿದಳು. ಪಕ್ಕೆಲುಬು ಬಿಚ್ಚಿಕೊಳ್ಳುವಷ್ಟು ಎದೆ ತುಂಬಿಕೊಂಡಳು. ಹಾಡಿದಳು.

ಉಕ್ಕಿನ ಗೋಡೆಗಳ ನಡುವೆ ದನಿ ತುಂಬಿ ನಿಂತಿತು. ಎತ್ತರದ ಜಾಗ, ಗಂಟಲಿನ ಸಣ್ಣ ತಡೆ, ಎಲ್ಲವೂ ಅದೇ. ಯಾರ ಅನುಕರಣೆಯೂ ಆಗಿರಲಿಲ್ಲ. ಮಿಂಚು ಕಣ್ಣು ಮಿಟುಕಿಸದೆ ಅವಳ ಬಾಯನ್ನೇ ನೋಡುತ್ತಿದ್ದಳು, ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕ್ ಕಲಿಯುವಾಗಿನ ಹಾಗೆ, ತುಟಿಯನ್ನು ಜೊತೆಗೇ ಸದ್ದಿಲ್ಲದೆ ಆಡಿಸುತ್ತಾ. ನೀ ನಿಂತರೂ, ನೆರಳು ನಿಂತರೂ, ಗಾಳಿ ನಿಂತರೂ.

"ನೆಲ," ಎಂದಳು ಅತ್ತಿಗೆ. ಅಲ್ಲಿಗೆ ಮುಗಿಯಿತು. ಬಾಯಿ ತೆರೆದೇ ಇತ್ತು. ಕೈ ತಾನಾಗಿ ಗೋಡೆಯ ಕಂಬಿಯನ್ನು ಹಿಡಿಯಿತು.

ಮಿಂಚುವಿನ ತುಟಿಯೂ ಅಲ್ಲೇ ನಿಂತಿತ್ತು.

ಲಿಫ್ಟು ಮೆಲ್ಲಗೆ ಜಗ್ಗಿ ನಿಂತಿತು. "ತಳಮಹಡಿ," ಎಂದಿತು. ಸಣ್ಣಗೆ, ಹಿತವಾಗಿ, ಉಸಿರೆಳೆದುಕೊಂಡಿತು. "ಬಾಗಿಲು ತೆರೆಯುತ್ತಿದೆ."

ಬಾಗಿಲು ತೆರೆಯಿತು. ಹೊರಗೆ ಮಧ್ಯಾಹ್ನದ ಬಿಸಿಲು, ನಿಂತ ಕಾರುಗಳು, ದೂರದಲ್ಲಿ ಗಂಡ ಕೈ ಬೀಸುತ್ತಿದ್ದ. ಇಬ್ಬರಲ್ಲಿ ಯಾರೂ ಹೆಜ್ಜೆ ಎತ್ತಿಡಲಿಲ್ಲ. ಸ್ವಲ್ಪ ಹೊತ್ತು ಕಾದು ಬಾಗಿಲು ಮತ್ತೆ ಮುಚ್ಚತೊಡಗಿದಾಗ, ಮಿಂಚು ಕೈ ಚಾಚಿ ಅದನ್ನು ತಡೆದು ಹಿಡಿದಳು. ಚಾವಣಿಯ ದನಿ ಮೊದಲಿನಿಂದ ಶುರು ಮಾಡಿತು.